ಯಾವ ಮದ್ದೆಂದು ಕೇಳದೆ ನೋವು ಅಳೆಯುವ ಸುಮತಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ವಡಪಳನಿಯ ಮುರುಗನ್ ಗುಡಿಯ ಕಡೆಯಿಂದ ನಾದಸ್ವರ ಈಗಷ್ಟೇ ಕೇಳತೊಡಗಿದೆ. ಗುಡಿಯಿಂದ ಎರಡು ಬೀದಿ ಆಚೆ ಒಂದು ಟ್ರಸ್ಟ್ ಆಸ್ಪತ್ರೆ. ಅದರ ಮೊದಲ ಮಹಡಿಯಲ್ಲಿ ಐವತ್ಮೂರು ವರ್ಷದ ಸುಮತಿ ಒಂದು ಮರದ ಕುರ್ಚಿಯ ಮುಂದೆ ಬಗ್ಗಿ, ಟೇಪು ಹಿಡಿದು ಅದರ ಎತ್ತರ ಅಳೆಯುತ್ತಿದ್ದಾರೆ. ನಲವತ್ಮೂರು ಸೆಂಟಿಮೀಟರ್. ನಿನ್ನೆಯೂ ಅಷ್ಟೇ ಇತ್ತು. ಮೂರು ವರ್ಷದಿಂದ ಅಷ್ಟೇ ಇದೆ. ಆದರೂ ದಿನಾ ಅಳೆಯುತ್ತಾರೆ.

"ಯಾರಾದ್ರೂ ಬೇರೆ ಕುರ್ಚಿ ತಂದಿಟ್ಟಿರ್ಬೋದಲ್ಲ ಮೇಡಂ," ಎಂದು ನೋಡುತ್ತಾ ಕೂತ ನನಗೆ ಹೇಳುತ್ತಾರೆ. "ಎರಡು ಬೆರಳಷ್ಟು ತಗ್ಗಿದ್ರೂ ಮಂಡಿ ನೋವಿರೋರಿಗೆ ಏಳೋಕೆ ಕಷ್ಟ. ತಪ್ಪು ಕುರ್ಚೀದು, ಹೆಸರು ಕೆಡೋದು ಮಂಡೀದು."

ಕುರ್ಚಿಯಾದ ಮೇಲೆ ಕಾರಿಡಾರ್. ನೆಲದ ಮೇಲೆ ಹತ್ತು ಮೀಟರ್ ಅಂತರದಲ್ಲಿ ಎರಡು ಹಳದಿ ಪಟ್ಟಿ ಅಂಟಿಸಿದ್ದಾರೆ. ರಾತ್ರಿ ಒರೆಸಿದ ನೆಲ ಎಲ್ಲಾದರೂ ಒದ್ದೆ ಇದೆಯೇ ಎಂದು ಬರಿಗಾಲಲ್ಲಿ ನಡೆದು ನೋಡುತ್ತಾರೆ. ಕೊನೆಗೆ ಮೂಲೆಯಲ್ಲಿರುವ ಒಂಬತ್ತು ಹಂತದ ಮರದ ಮೆಟ್ಟಿಲು. ಸಿನಿಮಾ ಸೆಟ್‌ಗಳಲ್ಲಿ ಬಡಗಿ ಕೆಲಸ ಮಾಡುವ ಅವರ ಗಂಡ ಭೋಜರಾಜ ಆಸ್ಪತ್ರೆಗೆಂದೇ ಮಾಡಿಕೊಟ್ಟದ್ದು ಅದು. ಸುಮತಿ ಪಕ್ಕದ ಕಂಬಿ ಹಿಡಿದು ಹತ್ತುತ್ತಾರೆ. ನಾಲ್ಕನೇ ಮೆಟ್ಟಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಅಳೆಯುವವರ ಮಂಡಿಯೂ ಸವೆದಿದೆ.

ಆರು ಗಂಟೆಗೆ ಸರಿಯಾಗಿ ಮೊದಲ ಪೇಷೆಂಟ್ ಬರುತ್ತಾರೆ. ತಿರುವಲ್ಲಿಕ್ಕೇಣಿಯ ಜಾನಕಮ್ಮ, ಎಪ್ಪತ್ತನಾಲ್ಕು ವರ್ಷ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವರ ಮನೆಯವರು. ಬೆಳಗಿನ ನೋವಿನ ಮಾತ್ರೆ ನುಂಗುವ ಮೊದಲೇ ಬರಬೇಕೆಂಬುದು ಇಲ್ಲಿನ ನಿಯಮ. ಹಾಗಾಗಿ ಎಲ್ಲರೂ ಬೆಳಕು ಹರಿಯುವ ಹೊತ್ತಿಗೆ, ಕುಂಟುತ್ತಾ ಬರುತ್ತಾರೆ. ಸುಮತಿ ಜಾನಕಮ್ಮನನ್ನು ಎರಡೂ ಮಂಡಿಗೆ ನೀಲಿ ಬಟ್ಟೆಯ ಕವಚ ಹಾಕಿಸಿಕೊಂಡು ಬರುವಂತೆ ಒಳಗಿನ ಕೋಣೆಗೆ ಕಳಿಸುತ್ತಾರೆ. ಮಂಡಿಯ ಮೇಲೆ ಸೂಜಿ ಚುಚ್ಚಿದ ಗುರುತಿದ್ದರೂ, ಇಲ್ಲದಿದ್ದರೂ ಅದು ಸುಮತಿಯ ಕಣ್ಣಿಗೆ ಬೀಳಬಾರದು.

"ಏನಮ್ಮ ಸುಮತಿ, ಇವತ್ತು ಎಷ್ಟು ತಡವೆ ಎದ್ದು ಕೂರಬೇಕು?"

"ಮಾಮೂಲೇ ಅಮ್ಮ. ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೋ ಅಷ್ಟು. ಕೈ ಎದೆ ಮೇಲೆ ಕಟ್ಕೊಳ್ಳಿ. ಕುರ್ಚಿ ಹಿಡೀಬೇಡಿ."

"ಈ ಸಲ ಡಾಕ್ಟರ್ ನನಗೆ ಕೊಟ್ಟಾರಲ್ಲ, ಅದು..."

ಸುಮತಿ ಅಂಗೈ ಎತ್ತಿ ತಡೆಯುತ್ತಾರೆ. "ಅದನ್ನ ಇಲ್ಲಿ ಹೇಳ್ಬೇಡಿ ಅಮ್ಮ. ನನಗೆ ಗೊತ್ತಾಗಬಾರ್ದು."

ಜಾನಕಮ್ಮ ನಾಲಗೆ ಕಚ್ಚಿಕೊಳ್ಳುತ್ತಾರೆ. ನಂತರ ಏಳುತ್ತಾರೆ, ಕೂರುತ್ತಾರೆ, ಏಳುತ್ತಾರೆ. ಎಂಟು ಸಲ ಪೂರ್ತಿಯಾಗುತ್ತದೆ. ಒಂಬತ್ತನೆಯದಕ್ಕೆ ಕುರ್ಚಿಯಿಂದ ಸ್ವಲ್ಪ ಮೇಲೆದ್ದಾಗ ಸಮಯ ಮುಗಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಒಂದು ಎಂದು ಬರೆಯಬೇಕು, ಅರ್ಧಕ್ಕೆ ಕಡಿಮೆಯಾದರೆ ಬಿಡಬೇಕು.

"ಒಂಬತ್ತು ಹಾಕಮ್ಮ," ಎಂದು ಜಾನಕಮ್ಮ ಏದುಸಿರಲ್ಲೇ ಕೇಳುತ್ತಾರೆ.

"ಎಂಟು ಅಮ್ಮ," ಎಂದು ಸುಮತಿ ಎಂಟನ್ನೇ ಬರೆಯುತ್ತಾರೆ. ಆಮೇಲೆ ಅವರ ಬೆನ್ನು ಸವರಿ ನೀರು ಕೊಡುತ್ತಾರೆ.

ಸುಮತಿ ಮಾಡುವ ಕೆಲಸಕ್ಕೆ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ 'ಸಹಾಯಕಿ' ಎಂದಷ್ಟೇ ಇದೆ. ಮಂಡಿ ಸವೆತಕ್ಕೆ ಈಗ ಸಾಮಾನ್ಯವಾಗಿ ಕೊಡುವ ಮೂರು ಬಗೆಯ ಚಿಕಿತ್ಸೆಗಳಲ್ಲಿ ಯಾವುದರಿಂದ ನೋವು ಎಷ್ಟು ಇಳಿಯುತ್ತದೆ, ಓಡಾಟ ಎಷ್ಟು ಸುಧಾರಿಸುತ್ತದೆ ಎಂದು ಈ ಆಸ್ಪತ್ರೆ ಮೂರು ವರ್ಷದಿಂದ ಹೋಲಿಸಿ ನೋಡುತ್ತಿದೆ. ಒಂದು ಗುಂಪಿಗೆ ವಾರಕ್ಕೆರಡು ದಿನ ವ್ಯಾಯಾಮ ಹೇಳಿಕೊಡುತ್ತಾರೆ. ಇನ್ನೊಂದು ಗುಂಪಿಗೆ ಕೀಲಿನೊಳಗೆ ಇಂಜೆಕ್ಷನ್. ಮೂರನೆಯ ಗುಂಪಿಗೆ ಮಾತ್ರೆ, ಜೊತೆಗೆ ಮನೆಯಲ್ಲಿ ಪಾಲಿಸಬೇಕಾದ ಸಲಹೆಗಳ ಪುಸ್ತಿಕೆ. ಒಟ್ಟು ಇನ್ನೂರ ಎಪ್ಪತ್ತಾರು ಜನ. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಪ್ರತಿಯೊಬ್ಬರನ್ನೂ ಒಂದು ವರ್ಷದಲ್ಲಿ ನಾಲ್ಕು ಸಲ ಅಳೆಯಬೇಕು. ಸುಮತಿ ಈವರೆಗೆ ಬರೆದ ಹಾಳೆಗಳು ಎಂಟುನೂರನ್ನು ದಾಟಿವೆ. ಅಷ್ಟೂ ಜನರಲ್ಲಿ ಒಬ್ಬರಿಗಾದರೂ ಯಾವ ಚಿಕಿತ್ಸೆ ಸಿಕ್ಕಿದೆ ಎಂಬುದು ಅವರಿಗೆ ತಿಳಿಯದು.

ಯಾಕೆ ತಿಳಿಯಬಾರದು ಎಂದು ಈ ಅಧ್ಯಯನ ನಡೆಸುವ ಡಾಕ್ಟರ್ ವೃಂದಾ ಅವರನ್ನು ಕೇಳಿದೆ. ಅವರ ಮನೆಮಾತೂ ಕನ್ನಡ. "ಕೆಟ್ಟ ಮನಸ್ಸಿನವರಿಂದ ನಮಗೆ ಅಷ್ಟು ತೊಂದರೆ ಇಲ್ಲ. ಒಳ್ಳೆ ಮನಸ್ಸಿನವರಿಂದಲೇ ಜಾಸ್ತಿ," ಎಂದು ನಕ್ಕರು. "ಇಂಜೆಕ್ಷನ್ ತಗೊಂಡವರು ಅಂತ ಗೊತ್ತಾದರೆ, ಪಾಪ ಗುಣ ಆಗಿರಲಿ ಅಂತ ಮನಸ್ಸು ಬಯಸುತ್ತೆ. ಬಯಸಿದ ಹಾಗೇ ಕಣ್ಣು ನೋಡುತ್ತೆ. ಅರ್ಧ ಎದ್ದವರು ಪೂರ್ತಿ ಎದ್ದ ಹಾಗೆ ಕಾಣ್ತಾರೆ. ಹಾಗೆ ಬರೆದ ಅಂಕಿ ನಂಬಿ ನಾಳೆ ಸಾವಿರಾರು ಜನರ ಮಂಡಿಗೆ ಏನು ಮಾಡಬೇಕು ಅಂತ ಹೇಳೋಕಾಗುತ್ತಾ?"

ಅಳತೆಯ ಕೋಣೆಯಲ್ಲಿ ಮೂರು ದಿನ ಕೂತ ನನಗೆ ಮೊದಲು ತಿಳಿಯದಿದ್ದ ಒಂದು ವಿಷಯ ತಿಳಿಯಿತು. ನೋವು ಇಳಿಯುವುದೂ ಕಾಲು ಆಡುವುದೂ ಒಂದೇ ಅಲ್ಲ. ಜಾನಕಮ್ಮನ ನೋವು ಹತ್ತಕ್ಕೆ ಏಳು ಇದ್ದದ್ದು ಈಗ ಮೂರಕ್ಕೆ ಬಂದಿದೆಯಂತೆ. ಆದರೆ ಆರು ತಿಂಗಳ ಹಿಂದೆಯೂ ಎಂಟು ಸಲ ಎದ್ದಿದ್ದರು, ಈಗಲೂ ಎಂಟೇ. ಅವರ ನಂತರ ಬಂದ ತಿರುಮಲ ಎಂಬವರು ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. ಅವರ ನೋವು ಆರರಿಂದ ಕೆಳಗಿಳಿದೇ ಇಲ್ಲ. ಆದರೆ ಏಳು ಸಲ ಏಳುತ್ತಿದ್ದವರು ಹನ್ನೆರಡು ಸಲ ಏಳುತ್ತಾರೆ. ದಿನವೂ ಕೋಡಂಬಾಕ್ಕಂ ಲೈಬ್ರರಿಗೆ ನಡೆದೇ ಹೋಗಿ ಬರುತ್ತಾರೆ.

"ವಲಿ ಇದೆ, ಇಲ್ಲ ಅನ್ನಲ್ಲ," ಎಂದರು ತಿರುಮಲ, ನೋವಿಗೆ ತಮಿಳಿನ ಮಾತನ್ನೇ ಬಳಸಿ. "ಅದರ ಪಾಡಿಗೆ ಅದು ಇರತ್ತೆ, ನನ್ನ ಪಾಡಿಗೆ ನಾನು ಹೋಗ್ತೀನಿ."

ಅದಕ್ಕೇ ಸುಮತಿ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ಎದ್ದು ಕೂರುವುದು, ನಲವತ್ತು ಮೀಟರ್ ನಡಿಗೆ, ಮೆಟ್ಟಿಲು ಹತ್ತಿ ಇಳಿಯುವುದು. ಆಮೇಲೆ ಇಪ್ಪತ್ತನಾಲ್ಕು ಪ್ರಶ್ನೆ. ಹಾಸಿಗೆಯಲ್ಲಿ ಹೊರಳುವಾಗ ಎಷ್ಟು ನೋವು, ಬಸ್ಸಿನಿಂದ ಇಳಿಯುವಾಗ ಎಷ್ಟು ಕಷ್ಟ, ಕಕ್ಕಸಿನಿಂದ ಏಳುವಾಗ ಎಷ್ಟು. ಒಬ್ಬರಿಗೆ ಒಂದು ಗಂಟೆ ಹಿಡಿಯುತ್ತದೆ. ದಿನಕ್ಕೆ ಒಬ್ಬರು, ಕೆಲವೊಮ್ಮೆ ಇಬ್ಬರು.

ಎಲ್ಲ ಮುಗಿದು ಫೈಲು ಮುಚ್ಚಿದ ಮೇಲೆ ಸುಮತಿ ತಮ್ಮ ಸ್ವಂತದ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಮಂಡಿ ಮೊದಲಿನ ಹಾಗೆ ಆಗಿಬಿಟ್ಟರೆ ಮೊದಲು ಏನು ಮಾಡುತ್ತೀರಿ? ಇದಕ್ಕೆ ಹಾಳೆಯಲ್ಲಿ ಜಾಗ ಇಲ್ಲ. ಉತ್ತರಗಳು ಅವರ ತಲೆಯಲ್ಲಿವೆ. ಜಾನಕಮ್ಮನಿಗೆ ನೆಲದ ಮೇಲೆ ಕಾಲು ಮಡಿಸಿ ಕೂತು, ಪೆರುಮಾಳಿಗೆ ತುಳಸಿ ಮಾಲೆ ಕಟ್ಟಬೇಕು. "ಕುರ್ಚಿ ಮೇಲೆ ಕೂತು ಕಟ್ಟಿದ್ದು ದೇವರಿಗೆ ಆಗಲ್ಲ ಅಂತ ಅಲ್ಲ, ನನಗೆ ಆಗಲ್ಲ," ಎಂದರಂತೆ. ಎಣ್ಣೂರಿನ ಮೀನು ಮಾರುವ ಹೆಂಗಸೊಬ್ಬಳಿಗೆ ಮೊದಲಿನಂತೆ ಕುಕ್ಕರುಗಾಲಲ್ಲಿ ಕೂತು ವ್ಯಾಪಾರ ಮಾಡಬೇಕು. ಎತ್ತರದ ಸ್ಟೂಲಿನ ಮೇಲೆ ಕೂತರೆ ಗಿರಾಕಿಗಳ ಮುಖ ಕಾಣುವುದಿಲ್ಲವಂತೆ, ತಲೆ ಮಾತ್ರ ಕಾಣುತ್ತದಂತೆ. ಒಬ್ಬ ಮುದುಕರು ಬಹಳ ಹೊತ್ತು ಯೋಚಿಸಿ, ಹೆಂಡತಿಗಿಂತ ಮುಂದೆ ನಡೆಯಬೇಕು ಎಂದರಂತೆ. ಅವರ ಹೆಂಡತಿ ಪಕ್ಕದಲ್ಲೇ ಇದ್ದರು.

"ನಿಮಗೆ?" ಎಂದೆ ನಾನು.

ಸುಮತಿ ನಕ್ಕರು. ಕಿಟಕಿಯಾಚೆ ಕೈ ತೋರಿಸಿದರು. ಎದುರುಗಡೆ ಕಟ್ಟಡದ ಮಹಡಿ ಮೇಲೆ ಸಿನಿಮಾ ಡ್ಯಾನ್ಸರುಗಳ ಪ್ರಾಕ್ಟೀಸ್ ಹಾಲ್ ಇದೆ. ಹತ್ತು ಗಂಟೆಗೆ ಅಲ್ಲಿ ಹಾಡು ಶುರುವಾಗುತ್ತದೆ. ಹಾಡು ಬಂದ ಕೂಡಲೇ ಇಲ್ಲಿ ಸುಮತಿಯ ಬಲಗಾಲ ಹೆಬ್ಬೆರಳು ಚಪ್ಪಲಿಯೊಳಗೆ ಅಲುಗಾಡುವುದನ್ನು ನಾನು ಆಗಲೇ ಗಮನಿಸಿದ್ದೆ.

ಸುಮತಿಯ ತಂದೆ ಹನುಮಂತಯ್ಯ ತಿಪಟೂರು ಕಡೆಯವರು. ಪೆರಂಬೂರಿನಲ್ಲಿ ರೈಲ್ವೆ ಬೋಗಿ ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮಗಳು ಟೈಪಿಂಗ್ ಕಲಿತು ರೈಲ್ವೆಯಲ್ಲೇ ಸೇರಲಿ ಎಂದು ಅವರ ಆಸೆ. ಮಗಳು ಹದಿನೆಂಟನೇ ವಯಸ್ಸಿಗೆ ವಡಪಳನಿಗೆ ಬಂದು ಸಿನಿಮಾದ ಗ್ರೂಪ್ ಡ್ಯಾನ್ಸರ್ ಆದಳು. ಅಪ್ಪ ಒಂದು ವರ್ಷ ಮಾತು ಬಿಟ್ಟರು.

"ತಮಿಳು, ತೆಲುಗು, ಕನ್ನಡ, ಎಲ್ಲಾದ್ರಲ್ಲೂ ಆಡಿದೀನಿ. ಆದ್ರೆ ಹಿಂದಿನ ಸಾಲು. ತೆರೆ ಮೇಲೆ ನನ್ನ ಮುಖ ನೋಡಿದೋರು ಯಾರೂ ಇಲ್ಲ ಮೇಡಂ, ಕಾಲು ನೋಡಿರ್ಬೋದು. ಸಿಮೆಂಟ್ ನೆಲ, ಹೈ ಹೀಲ್ಸು. ಒಂದು ಸ್ಟೆಪ್ ಸರಿ ಬರೋವರ್ಗೂ ನಲವತ್ತು ಸಲ, ಐವತ್ತು ಸಲ ಮಂಡಿ ಊರಿ ಏಳೋದು. ಆಗ ನೋವೇ ಗೊತ್ತಾಗ್ತಿರ್ಲಿಲ್ಲ. ಅಪ್ಪುರಂ, ಆಮೇಲೆ ಎಲ್ಲಾ ಒಟ್ಟಿಗೆ ಬಂತು."

ಮೂವತ್ತಾರಕ್ಕೆ ಕುಣಿತ ನಿಂತಿತು. ಮಗಳು ಶ್ರೀಯಾ ಆಗ ಶಾಲೆಗೆ ಹೋಗುತ್ತಿದ್ದಳು. ಸುಮತಿ ಇದೇ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಆಯಾ ಆಗಿ ಸೇರಿದರು. ಪೇಷೆಂಟುಗಳನ್ನು ಎತ್ತಿ ಕೂರಿಸುವುದು, ಬಿಸಿ ಶಾಖ ಕೊಡುವುದು, ಬಟ್ಟೆ ಒಗೆಯಲು ಹಾಕುವುದು. ಹದಿಮೂರು ವರ್ಷ ಅದೇ ಕೆಲಸ. ಅಧ್ಯಯನ ಶುರುವಾಗುವ ಮುಂಚೆ ಒಂದು ದಿನ ಇಬ್ಬರು ಫಿಸಿಯೋಥೆರಪಿಸ್ಟುಗಳು ಒಬ್ಬ ಪೇಷೆಂಟ್ ಎಷ್ಟು ಸಲ ಎದ್ದರು ಎಂದು ವಾದ ಮಾಡುತ್ತಿದ್ದರು. ಒಬ್ಬರು ಹತ್ತು ಎಂದರು, ಇನ್ನೊಬ್ಬರು ಹನ್ನೊಂದು. ಮೂಲೆಯಲ್ಲಿ ದಿಂಬಿಗೆ ಕವರ್ ಹಾಕುತ್ತಿದ್ದ ಸುಮತಿ, "ಹತ್ತು, ಆಮೇಲೆ ಕಾಲು ಭಾಗ," ಎಂದರು. ವಿಡಿಯೋ ಹಾಕಿ ನೋಡಿದರೆ ಅವರು ಹೇಳಿದ್ದೇ ಸರಿ.

"ಡ್ಯಾನ್ಸರಿಗೆ ಎಣಿಸೋದು ಹೇಳ್ಕೊಡಬೇಕಾ?" ಎನ್ನುತ್ತಾರೆ ಸುಮತಿ. "ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು. ನಿದ್ದೇಲೂ ಓಡ್ತಿರತ್ತೆ."

ಡಾಕ್ಟರ್ ವೃಂದಾ ಸುಮತಿಗೆ ಮೂರು ತಿಂಗಳು ತರಬೇತಿ ಕೊಡಿಸಿದರು. ಹೊರಗಿನವರು ಬಂದು ನಲವತ್ತು ವಿಡಿಯೋ ತೋರಿಸಿ ಪರೀಕ್ಷೆ ಮಾಡಿದರು. ಮೂವತ್ತೊಂಬತ್ತು ಸರಿಹೋಯಿತು. ತಪ್ಪಿದ ಆ ಒಂದು ಯಾವುದು, ಅದರಲ್ಲಿದ್ದವರ ಸೀರೆ ಯಾವ ಬಣ್ಣದ್ದು ಎಂದು ಸುಮತಿ ಇವತ್ತಿಗೂ ಹೇಳುತ್ತಾರೆ.

ತಮ್ಮ ಮಂಡಿಗೆ ಅವರು ಏನು ಮಾಡಿಕೊಳ್ಳುತ್ತಾರೆ ಎಂದು ಕೇಳಿದೆ. ಹೇಳಿದರು. "ಬರೀಬೇಡಿ," ಎಂದೂ ಹೇಳಿದರು. "ಓದಿದೋರು ಸುಮತಿಯಮ್ಮ ಹಿಂಗೆ ಮಾಡ್ತಾರೆ, ಅದೇ ಒಳ್ಳೇದು ಅಂದ್ಕೊಳ್ತಾರೆ. ಯಾವುದು ಒಳ್ಳೇದು ಅಂತ ನನಗೇ ಗೊತ್ತಿಲ್ಲ." ಆದ್ದರಿಂದ ನಾನು ಬರೆಯುತ್ತಿಲ್ಲ.

ಕುಣಿಯುವ ದಿನಗಳ ಮಾತು ಬಂದಾಗಲೆಲ್ಲ ಒಂದು ಹೆಸರು ಬರುತ್ತದೆ. ಶ್ರೀವಿದ್ಯಾ. ಸುಮತಿಗಿಂತ ಒಂದು ವರ್ಷ ದೊಡ್ಡವರು. ತಾಯಿ ಗದಗ ಕಡೆಯ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದು, ಸಿನಿಮಾದ ಸಣ್ಣ ಪಾತ್ರಗಳಿಗೆಂದು ಮದ್ರಾಸಿಗೆ ಬಂದವರು. ಮೇಕಪ್ ಕೋಣೆಯಲ್ಲಿ ಎಲ್ಲರೂ ತಮಿಳು, ತೆಲುಗು ಮಾತಾಡುವಾಗ ಈ ಇಬ್ಬರು ಹುಡುಗಿಯರು ಕನ್ನಡದಲ್ಲಿ ಗುಟ್ಟು ಮಾತಾಡುತ್ತಿದ್ದರು. ಒಂದೇ ಬಾಚಣಿಗೆ, ಒಂದೇ ಟಿಫಿನ್ ಡಬ್ಬಿ. ಏಳು ವರ್ಷ ಹಾಗಿದ್ದರು. ಶ್ರೀವಿದ್ಯಾ ಎರಡನೇ ಸಾಲಿಗೆ ಹೋದಳು, ಸುಮತಿ ಮೂರರಲ್ಲೇ ಉಳಿದಳು. ಜೋಡಿ ಕುಣಿತ ಬಂದರೆ ಮಾತ್ರ ಇಬ್ಬರೂ ಕೈ ಹಿಡಿಯುತ್ತಿದ್ದರು.

ತೊಂಬತ್ತೇಳನೇ ಇಸವಿ, ಒಂದು ಹಾಡಿನ ಪ್ರಾಕ್ಟೀಸು. ಒಬ್ಬಳು ಕೈ ಹಿಡಿದಿರಬೇಕು, ಇನ್ನೊಬ್ಬಳು ಹಾರಿ ಮಂಡಿಯ ಮೇಲೆ ಇಳಿಯಬೇಕು. ಎಂಟನೇ ಎಣಿಕೆಗೆ ಕೈ ಬಿಡಬೇಕು.

"ನಾನು ಏಳಕ್ಕೇ ಬಿಟ್ಟೆ," ಎನ್ನುತ್ತಾರೆ ಸುಮತಿ. "ಬೇಕು ಅಂತ ಅಲ್ಲ. ಬೆವರಿಗೆ ಜಾರಿತೋ, ನಾನೇ ಸಡಿಲ ಮಾಡಿದ್ನೋ, ಇವತ್ತಿಗೂ ಗೊತ್ತಿಲ್ಲ. ಅವಳ ಬಲಗಾಲು ಮಡಚಿ ಕೆಳಗೆ ಸಿಕ್ಕೊಳ್ತು. ಎತ್ಕೊಂಡು ಹೋದ್ರು. ಮಾರನೇ ದಿನ ಮಾಸ್ಟರು ನನ್ನನ್ನ ಕರೆದು, ಎರಡನೇ ಸಾಲಲ್ಲಿ ಅವಳ ಜಾಗದಲ್ಲಿ ನಿಂತ್ಕೋ ಅಂದ್ರು. ಆ ಸಾಲಿಗೆ ನಾನು ಏಳು ವರ್ಷ ಕಾದಿದ್ದೆ ಮೇಡಂ. ಹೋಗಿ ನಿಂತ್ಕೊಂಡೆ."

ಗೆಳತಿಯನ್ನು ನೋಡಲು ಹೋಗಲಿಲ್ಲ. ಇವತ್ತು ಶೂಟಿಂಗ್ ಇದೆ, ನಾಳೆ ಹೋಗೋಣ ಎಂದುಕೊಂಡರು. ಆ ನಾಳೆಗಳು ತಿಂಗಳುಗಳಾದವು. ಕೊನೆಗೊಮ್ಮೆ ಧೈರ್ಯ ಮಾಡಿ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಎಣ್ಣೂರು ಕಡೆ ಹೋದರಂತೆ ಎಂದಷ್ಟೇ ತಿಳಿಯಿತು. ಆಮೇಲೆ ಯಾವ ಸುದ್ದಿಯೂ ಇಲ್ಲ. ಬಸ್ಸಿನಲ್ಲಿ ಯಾರಾದರೂ ಗದಗಿನ ಕಡೆಯ ಕನ್ನಡ ಆಡಿದರೆ ಸುಮತಿ ತಿರುಗಿ ನೋಡುತ್ತಿದ್ದರು. ಮಗಳಿಗೆ ಶ್ರೀಯಾ ಎಂದು ಹೆಸರಿಟ್ಟಾಗ ಗಂಡ ಕಾರಣ ಕೇಳಿದರಂತೆ. ಹೆಸರು ಚೆನ್ನಾಗಿದೆ ಎಂದರಂತೆ ಸುಮತಿ, ಅಷ್ಟೇ.

ಹೋದ ವರ್ಷ ಜನವರಿಯಲ್ಲಿ, ಹೀಗೇ ಒಂದು ಬೆಳಗ್ಗೆ, ನೂರ ಅರವತ್ಮೂರನೇ ನಂಬರಿನ ಪೇಷೆಂಟ್ ಮಂಡಿಗೆ ನೀಲಿ ಬಟ್ಟೆ ಹಾಕಿಕೊಂಡು ಒಳಗೆ ಬಂದರು. ದಪ್ಪಗಾಗಿದ್ದರು, ಕೂದಲು ಅರ್ಧ ಬೆಳ್ಳಗಾಗಿತ್ತು. ಎಡಹುಬ್ಬಿನ ಮೇಲೆ ಮಚ್ಚೆ ಇತ್ತು. ಸುಮತಿಯ ಕೈಯಲ್ಲಿದ್ದ ಪೆನ್ನು ನಿಂತಿತು.

"ಸುಮತಿ ಅಲ್ಲೇನ ನೀ?" ಎಂದರು ಬಂದವರು.

"ಕೂತ್ಕೊಂಡಿರು, ಈಗ ಬಂದೆ," ಎಂದು ಸುಮತಿ ಎದ್ದು ನೇರವಾಗಿ ಡಾಕ್ಟರ್ ವೃಂದಾ ಅವರ ಕೋಣೆಗೆ ಹೋದರು.

ಮುಂದಿನದನ್ನು ಡಾಕ್ಟರ್ ಬಾಯಲ್ಲೇ ಕೇಳಿ. "ಬಂದು ನಿಂತು, ಈ ಪೇಷೆಂಟನ್ನ ನಾನು ಅಳೆಯೋಲ್ಲ ಅಂದ್ರು. ಯಾಕೆ ಅಂದೆ. ಹಳೇ ಸ್ನೇಹಿತೆ, ಇವಳ ಕಾಲು ಹಾಳಾಗೋಕೆ ನಾನೂ ಕಾರಣ ಇರಬಹುದು ಅಂತ ಎಲ್ಲಾ ಹೇಳಿದ್ರು. ಸಿಬ್ಬಂದಿಯ ನೆಂಟರನ್ನ ಸೇರಿಸಬಾರದು ಅಂತ ನಮ್ಮ ನಿಯಮ ಇದೆ. ಹಳೇ ಸ್ನೇಹಿತರ ವಿಷಯ ನಾವು ಬರೆದೇ ಇರಲಿಲ್ಲ. ಅವರು ಸುಮ್ಮನಿದ್ದಿದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ."

ಸುಮತಿ ಸುಮ್ಮನಿರಲಿಲ್ಲ ಯಾಕೆ? "ಅವಳು ಅರ್ಧ ಎದ್ರೂ ನಾನು ಪೂರ್ತಿ ಅಂತ ಬರೀತಿದ್ದೆ ಮೇಡಂ. ಎದ್ದೇಳಲಿ ಅಂತ ನನಗೆ ಅಷ್ಟು ಆಸೆ ಇತ್ತು. ನನ್ನ ಕೈ ನನಗೇ ನಂಬಿಕೆ ಬರ್ಲಿಲ್ಲ."

ಹೀಗೆ ಏರ್ಪಾಡಾಯಿತು. ಶೋಳಿಂಗನಲ್ಲೂರಿನಲ್ಲಿರುವ ಆಸ್ಪತ್ರೆಯ ಇನ್ನೊಂದು ಶಾಖೆಯಲ್ಲಿ ಗುರುಚರಣ ಎಂಬವರು ಇದೇ ಕೆಲಸ ಮಾಡುತ್ತಾರೆ. ಶ್ರೀವಿದ್ಯಾ ಬರುವ ದಿನ ಗುರುಚರಣ ಇಲ್ಲಿಗೆ ಬರುವುದು, ಸುಮತಿ ಅಲ್ಲಿಗೆ ಹೋಗುವುದು. ಮಾತಾಡಬಾರದು ಎಂದು ಡಾಕ್ಟರ್ ಹೇಳಲಿಲ್ಲ, ಚಿಕಿತ್ಸೆಯ ವಿಷಯ ಒಂದು ಬೇಡ ಎಂದರು. ಸುಮತಿಯೇ ಗಟ್ಟಿ ಮಾಡಿಕೊಂಡರು. "ಮಂಡಿ ನೋವಿರೋ ಇಬ್ರು ಹೆಂಗಸ್ರು ಸೇರಿದ್ರೆ ಬೇರೆ ಏನು ಮಾತಾಡ್ತಾರೆ? ಅದೇ ಬರತ್ತೆ. ಅದಕ್ಕೆ ಮಾತೇ ಬೇಡ ಅಂದ್ಕೊಂಡೆ."

ಆ ದಿನ ಕೋಣೆಗೆ ವಾಪಸ್ಸು ಬಂದು ಗೆಳತಿಗೆ ಇಷ್ಟು ಹೇಳಿದರು: "ಒಂದು ವರ್ಷ ಇದು ಮುಗೀಲಿ ಶ್ರೀವಿದ್ಯಾ. ನಾನೇ ಬಂದು ಮಾತಾಡ್ತೀನಿ."

ಸುಮತಿಯ ಮುಖವನ್ನೇ ನೋಡುತ್ತಾ ಕೂತಿದ್ದ ಶ್ರೀವಿದ್ಯಾ, "ಇಷ್ಟ್ ವರ್ಷ ಕಾದೀನಿ. ಇನ್ನೊಂದು ವರ್ಷ ಏನ್ ಮಹಾ," ಎಂದರಂತೆ.

ಆ ವರ್ಷ ಹೇಗೆ ಕಳೆಯಿತು ಎಂದು ಸುಮತಿ ಹೇಳುವುದಿಲ್ಲ, ತುಂಡು ತುಂಡಾಗಿ ಬಾಯಿಗೆ ಬರುತ್ತದೆ. ಏಪ್ರಿಲಿನಲ್ಲಿ ಶ್ರೀವಿದ್ಯಾ ಬರುವ ದಿನ, ಆಫೀಸಿನ ಕ್ಯಾಬುಗಳ ನಡುವೆ ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಶೋಳಿಂಗನಲ್ಲೂರಿಗೆ ಹೋದರು. ಅಲ್ಲಿ ಅಪರಿಚಿತರ ಮಂಡಿಗಳನ್ನು ಅಳೆಯುತ್ತಾ, ಈಗ ಕುರ್ಚಿ ಮುಗಿದಿರಬೇಕು, ಈಗ ಮೆಟ್ಟಿಲು ಹತ್ತುತ್ತಿರಬೇಕು ಎಂದು ಗಡಿಯಾರ ನೋಡಿಕೊಳ್ಳುತ್ತಿದ್ದರು. ಜುಲೈಯಲ್ಲಿ ಬಸ್ಸು ತಡವಾಯಿತು. ವಡಪಳನಿ ನಿಲ್ದಾಣದಲ್ಲಿ ಕಾಯುತ್ತಾ ನಿಂತಾಗ, ರಸ್ತೆಯಾಚೆ ಎಣ್ಣೂರು ಕಡೆಯಿಂದ ಬಂದ ಬಸ್ಸಿನ ಬಾಗಿಲಲ್ಲಿ ಶ್ರೀವಿದ್ಯಾ ಕಾಣಿಸಿಕೊಂಡರು. ಇಳಿಯಲು ಕಾಲು ಮುಂದಿಡುತ್ತಿದ್ದರು. ಯಾವ ಕಾಲು ಮೊದಲು ಇಡುತ್ತಾರೆ, ಕಂಬಿ ಎಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ ಎಂಬುದರಲ್ಲೇ ಸುಮತಿಗೆ ಎಲ್ಲ ತಿಳಿದುಬಿಡುತ್ತಿತ್ತು.

"ಮುಖ ತಿರುಗಿಸಿ ಗೋಡೆ ನೋಡ್ತಾ ನಿಂತೆ. ಗೋಡೆ ಮೇಲೆ ಯಾವ್ದೋ ಟ್ಯೂಷನ್ ಪೋಸ್ಟರ್. ಅದರ ಫೋನ್ ನಂಬರ್ ಇವತ್ತಿಗೂ ಬಾಯಿಪಾಠ ಆಗಿದೆ."

ಈ ವರ್ಷ ಜನವರಿ ಕೊನೆಗೆ ಶ್ರೀವಿದ್ಯಾರ ನಾಲ್ಕನೇ, ಕೊನೆಯ ಅಳತೆ. ಅಂದು ಸುಮತಿ ಶೋಳಿಂಗನಲ್ಲೂರಿಗೆ ಹೋಗಲಿಲ್ಲ, ರಜೆ ಹಾಕಿದರು. ಬೆಳಗ್ಗೆ ಎದ್ದು ಸೀರೆ ಉಟ್ಟು, ಮತ್ತೆ ಬಿಚ್ಚಿ, ಹೋಗುವುದೋ ಬೇಡವೋ ಎಂದು ಕೂತರು. ಶ್ರೀಯಾ ಈಗ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಮ್ಮನ ಕನ್ನಡಕ್ಕೆ ತಮಿಳಲ್ಲೇ ಉತ್ತರ ಕೊಡುವ ಮಗಳು ಅವಳು. "ಪೋಯ್ ಪೇಸು ಮಾ," ಎಂದು, ಹೋಗಿ ಮಾತಾಡು ಎಂದು, ತಾನೇ ಆಟೋ ಕರೆದು ಕೂರಿಸಿದಳು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾದರು. ಎಂಟು ಗಂಟೆಗೆ ಗುರುಚರಣ ಕೆಳಗಿಳಿದು ಬಂದು, "ಮುಗೀತು ಅಕ್ಕಾ," ಎಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಶ್ರೀವಿದ್ಯಾ ಬಂದು ಎದುರಿಗೆ ಕೂತರು. ಎರಡು ಕಾಪಿ ಬಂತು. ಕೆನೆ ಕಟ್ಟುವವರೆಗೂ ಇಬ್ಬರೂ ಮುಟ್ಟಲಿಲ್ಲ.

"ನಿನ್ನ ಕೈ ನಾನು ಏಳಕ್ಕೇ ಬಿಟ್ಟೆ," ಎಂದರು ಸುಮತಿ. "ಎಂಟಕ್ಕೆ ಬಿಡಬೇಕಿತ್ತು."

ಶ್ರೀವಿದ್ಯಾ ಕಾಪಿಯ ಲೋಟ ಪಕ್ಕಕ್ಕೆ ಸರಿಸಿದರು.

"ಅದು ನಂಗ ನೆನಪಿಲ್ಲವ್ವ," ಎಂದರು. "ನೆಲಾ ಹಸಿ ಇತ್ತು, ಜಾರಿ ಬಿದ್ದೆ ಅಂತನ ತಿಳಕೊಂಡೀನಿ. ನೀ ಬರಲಿಲ್ಲ. ಅದು ನೆನಪೈತಿ. ಮೂರು ತಿಂಗಳು ಹಾಸಿಗ್ಯಾಗ ಬಿದ್ದಿದ್ದೆ. ಯಾರರ ಬಾಗಲಾ ಬಡದ್ರ ಸಾಕು, ಸುಮತಿ ಬಂದಾಳೇನ ನೋಡು ಅಂತ ಅವ್ವನ್ನ ಎಬ್ಬಸ್ತಿದ್ದೆ."

ಇದನ್ನು ಹೇಳುವಾಗ ಸುಮತಿ ತಮ್ಮ ಕೋಣೆಯ ಕಿಟಕಿಯ ಕಡೆ ತಿರುಗಿದ್ದರು. "ನಾನು ಇಷ್ಟು ವರ್ಷ ಆ ಒಂದು ಎಣಿಕೇನೇ ಹಿಡ್ಕೊಂಡು ಕೂತಿದ್ದೆ ಮೇಡಂ. ಅವಳಿಗೆ ಬೇಕಾಗಿದ್ದು ಅದಲ್ಲವೇ ಅಲ್ಲ. ಬಾಗಿಲು ತಟ್ಟಿದ್ರೆ ಸಾಕಾಗಿತ್ತು. ಆಗ ನಾನಿದ್ದ ಪೆರಂಬೂರಿಂದ ಅವರ ಮನೆಗೆ ಒಂದೇ ಬಸ್ಸು."

ಕ್ಷಮಿಸಿದೆ ಎಂದು ಶ್ರೀವಿದ್ಯಾ ಹೇಳಲಿಲ್ಲ. ಸುಮತಿ ಕೇಳಲೂ ಇಲ್ಲ. ಏಳುವಾಗ ಶ್ರೀವಿದ್ಯಾ ಒಂದು ಕೈ ಮೇಜಿಗೆ ಊರಿ, ಇನ್ನೊಂದನ್ನು ಸುಮತಿಯ ಕಡೆ ಚಾಚಿದರು. "ಹಿಡಿ. ಭಾನುವಾರ ಮನಿಗೆ ಬಾ. ಬಾಗಲಾ ತಗದ ಇರತೈತಿ."

ನಾನು ಅಂಥ ಒಂದು ಭಾನುವಾರ ಸುಮತಿಯ ಜೊತೆ ಹೋಗಿದ್ದೆ. ವಡಪಳನಿಯಿಂದ ಒಂದು ಬಸ್ಸು, ಆಮೇಲೆ ಸಬರ್ಬನ್ ರೈಲು, ಎಣ್ಣೂರಿನಲ್ಲಿ ಇಳಿದು ಷೇರ್ ಆಟೋ. ಹೋಗಲು ಎರಡು ಗಂಟೆ, ಬರಲು ಎರಡು. ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಸುಮತಿ ಮೂರು ಕಡೆ ನಿಂತು ಸುಧಾರಿಸಿಕೊಂಡರು. ಶ್ರೀವಿದ್ಯಾರ ಮನೆ ಮೀನುಗಾರರ ಬೀದಿಯ ಕೊನೆಯಲ್ಲಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು. ಮನೆಯ ಮುಂಭಾಗದಲ್ಲಿ ಹೊಲಿಗೆ ಮೆಷಿನ್ನು. ಕಾಲಿಗೆ ಪೆಟ್ಟಾದ ಮೇಲೆ ಹಿಡಿದ ಕೆಲಸ ಅದು. ಮೆಷಿನ್ನಿಗೆ ಮೋಟಾರು ಹಾಕಿಸಿದ್ದಾರೆ, ಪೆಡಲು ತುಳಿಯಲು ಆಗುವುದಿಲ್ಲ.

ಬಾಗಿಲು ನಿಜಕ್ಕೂ ತೆರೆದಿತ್ತು. ಶ್ರೀವಿದ್ಯಾ ನಮಗೆ ಉಪ್ಪಿಟ್ಟು ಮಾಡಿಟ್ಟಿದ್ದರು. ನಾನು ಅವರ ಮಂಡಿ ಹೇಗಿದೆ ಎಂದು ಕೇಳಲು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದು ಅದುಮಿದರು.

"ಇಕಿ ಮುಂದ ಮಂಡಿ ಸುದ್ದಿ ತಗೀಬ್ಯಾಡ್ರಿ," ಎಂದರು. "ಇನ್ನೂ ಎಲ್ಲಾರದ್ದೂ ಮುಗದಿಲ್ಲಂತ. ಮುಗಿಯೋತನಕಾ ಇಕಿ ಕಿವಿಗೆ ಬೀಳಬಾರದಂತ."

ಇನ್ನೂರ ಎಪ್ಪತ್ತಾರನೇ ಪೇಷೆಂಟಿನ ಕೊನೆಯ ಅಳತೆ ಮುಂದಿನ ಜೂನಿನಲ್ಲಿ. ಅದಾದ ಮೇಲೆ ಸುಮತಿ ಬರೆದ ಹಾಳೆಗಳನ್ನೂ, ಯಾರಿಗೆ ಯಾವ ಚಿಕಿತ್ಸೆ ಎಂಬ ಪಟ್ಟಿಯನ್ನೂ ಮೊದಲ ಬಾರಿಗೆ ಒಟ್ಟಿಗೆ ಇಡುತ್ತಾರೆ. ಯಾವುದು ನೋವಿಗೆ ಒಳ್ಳೆಯದು, ಯಾವುದು ನಡಿಗೆಗೆ ಒಳ್ಳೆಯದು ಎಂದು ಅಂದು ಗೊತ್ತಾಗಬಹುದು. ಮೂರೂ ಹೆಚ್ಚುಕಡಿಮೆ ಒಂದೇ ಎಂದೂ ಗೊತ್ತಾಗಬಹುದು ಎನ್ನುತ್ತಾರೆ ಡಾಕ್ಟರ್ ವೃಂದಾ. ಅಷ್ಟೆಲ್ಲ ಮಾಡಿ ಮೂರೂ ಒಂದೇ ಎಂದಾದರೆ ಬೇಸರ ಆಗುವುದಿಲ್ಲವೇ ಎಂದು ಸುಮತಿಯನ್ನು ಕೇಳಿದೆ. "ಯಾಕೆ? ಅದೂ ಒಂದು ಉತ್ತರ ತಾನೆ. ಬಡವರು ಯಾವುದು ಕೈಗೆಟಕುತ್ತೋ ಅದನ್ನ ಧೈರ್ಯವಾಗಿ ಮಾಡಬಹುದು," ಎಂದರು.

ಮಧ್ಯಾಹ್ನ ಇಬ್ಬರೂ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತರು. ನೆಲದ ಮೇಲೆ ಕೂರಲು ಇಬ್ಬರಿಗೂ ಆಗುವುದಿಲ್ಲ. ಒಬ್ಬರು ತಿಪಟೂರಿನ ಕನ್ನಡದಲ್ಲಿ, ಇನ್ನೊಬ್ಬರು ಗದಗಿನ ಕನ್ನಡದಲ್ಲಿ, ನಡುನಡುವೆ ಇಬ್ಬರೂ ತಮಿಳಿನಲ್ಲಿ ಮಾತಾಡಿದರು. ಮದುವೆ, ಹೆರಿಗೆ, ತೀರಿಕೊಂಡ ತಾಯಂದಿರು. ಕಳೆದ ವರ್ಷಗಳನ್ನು ಹೇಳಿಕೊಳ್ಳುತ್ತಾ ಬರೇ ಎರಡು ಸಾವಿರದನೇ ಇಸವಿಯವರೆಗೆ ಬಂದಿದ್ದರು. ನಾಲ್ಕಕ್ಕೆ ಸುಮತಿ ಎದ್ದರು, ಐದರ ರೈಲು ತಪ್ಪಿದರೆ ಕಷ್ಟ. ಬಾಗಿಲ ತನಕ ಬಂದ ಶ್ರೀವಿದ್ಯಾ ಅಲ್ಲೇ ನಿಂತರು, ಆಟೋ ತಿರುಗುವವರೆಗೂ ಒಳಗೆ ಹೋಗಲಿಲ್ಲ.

ವಾಪಸ್ಸು ಬರುವ ರೈಲಿನಲ್ಲಿ ಸುಮತಿ ಕಿಟಕಿಯ ಪಕ್ಕ ಕೂತರು. ಕೆಲಸ ಮುಗಿದ ಮೇಲೆ ಏನು ಯೋಚನೆ ಎಂದು ಕೇಳಿದೆ. ಎಣ್ಣೂರಿನಲ್ಲಿ ಒಂದು ಬಾಡಿಗೆ ಮನೆ ಹುಡುಕುತ್ತಿದ್ದಾರಂತೆ. ಅಲ್ಲಿಯ ಗಾಳಿ ಸರಿಯಿಲ್ಲ, ಹೊಗೆ, ಬೂದಿ ಎಂದು ಗಂಡನೂ ಮಗಳೂ ಬೇಡ ಎನ್ನುತ್ತಿದ್ದಾರೆ.

"ಅವರು ಹೇಳೋದು ಸರಿ," ಎಂದರು ಸುಮತಿ. "ಆದ್ರೆ ಇಪ್ಪತ್ತೆಂಟು ವರ್ಷದ ಮಾತಿದೆ ಮೇಡಂ. ವಾರಕ್ಕೊಂದು ಭಾನುವಾರ ಎಲ್ಲಿ ಸಾಕಾಗತ್ತೆ?"